ಸ್ವಯಂಚಾಲಿತ ನರಮಂಡಲವೂ ಒಂದು ಕೆಂಪು ಚೇಳೂ

ಪರ್ವತಿಯ ಮೆಟ್ಟಿಲುಗಳನ್ನು ಒಮ್ಮೆಯಾದರೂ ಏರದ ಪುಣೆಯ ವಿದ್ಯಾರ್ಥಿ ಇರಲಾರನು. ಆ ೧೦೩ ಮೆಟ್ಟಿಲುಗಳನ್ನೇ ನಾವು ಈ ಪಾಠದ ಪ್ರಯೋಗಶಾಲೆಯನ್ನಾಗಿ ಮಾಡಿಕೊಳ್ಳೋಣ. ಮುಂದಿನ ರವಿವಾರ ಬೆಳಿಗ್ಗೆ ಒಬ್ಬ ಗೆಳೆಯನನ್ನೂ ಸೆಕೆಂಡು ಮುಳ್ಳಿರುವ ಒಂದು ಗಡಿಯಾರವನ್ನೂ ಕರೆದುಕೊಂಡು ಬೆಟ್ಟದ ಬುಡಕ್ಕೆ ಹೋಗಿರಿ. ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಬಳಿಕ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಮೂರು ಬೆರಳುಗಳನ್ನು ಮೃದುವಾಗಿ ಇರಿಸಿ ನಾಡಿಯನ್ನು ಎಣಿಸಿರಿ. ನಿಮಿಷಕ್ಕೆ ೭೦ರಿಂದ ೯೦ರ ಒಳಗೆ ಒಂದು ಸಂಖ್ಯೆ ದೊರೆಯುವುದು. ಈಗ ಎಲ್ಲಿಯೂ ನಿಲ್ಲದೆ ಮೇಲಕ್ಕೆ ಏರಿ, ಕೊನೆಯ ಮೆಟ್ಟಿಲಿನಲ್ಲಿ ಮತ್ತೆ ಎಣಿಸಿರಿ. ನಾಡಿಯು ೧೨೦ನ್ನು ದಾಟಿದ್ದರೆ ಆಶ್ಚರ್ಯವಿಲ್ಲ. ಉಸಿರು ದೀರ್ಘವಾಗಿದೆ, ಹಣೆಯಲ್ಲಿ ಬೆವರು ಮೂಡಿದೆ, ಬಾಯಿ ಒಣಗಿದೆ. ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು, ಕೆಳಗೆ ಹರಡಿರುವ ನಗರವನ್ನು ನೋಡುತ್ತ ಸ್ವಲ್ಪ ಹೊತ್ತು ಕಳೆದರೆ, ಏರಿದ ನಾಡಿಯು ತಾನಾಗಿಯೇ ಇಳಿದು ಮೊದಲಿನ ಸಂಖ್ಯೆಯ ಹತ್ತಿರಕ್ಕೆ ಬರುವುದು.

ಹೃದಯಕ್ಕೆ 'ಬೇಗ ಬಡಿ' ಎಂದು ನೀವು ಅಪ್ಪಣೆ ಕೊಡಲಿಲ್ಲ. 'ಇನ್ನು ಸಾಕು' ಎಂದೂ ಹೇಳಲಿಲ್ಲ. ಕಾಲುಗಳಿಗೆ ಮಾತ್ರ 'ಏರಿ' ಎಂದು ಹೇಳಿದಿರಿ. ಉಳಿದುದನ್ನೆಲ್ಲ ನೋಡಿಕೊಂಡವರು ಯಾರು?

ನಮ್ಮ ದೇಹದಲ್ಲಿ ನರಗಳ ಕೆಲಸವು ಎರಡು ಬಗೆಯಾಗಿದೆ. ಲೇಖನಿಯನ್ನು ಹಿಡಿಯುವುದು, ಚೆಂಡನ್ನು ಎಸೆಯುವುದು, ಮಾತನಾಡುವುದು - ಇವು ನಮ್ಮ ಇಚ್ಛೆಗೆ ಒಳಪಟ್ಟ ಕೆಲಸಗಳು. ಹೃದಯದ ಬಡಿತ, ರಕ್ತನಾಳಗಳ ಹಿಗ್ಗು ಕುಗ್ಗು, ಜಠರದ ಚಲನೆ, ಬೆವರು, ಕಣ್ಣಿನ ಪಾಪೆಯ ಅಗಲ - ಇವು ನಮ್ಮನ್ನು ಕೇಳದೆಯೇ ನಡೆಯುವ ಕೆಲಸಗಳು. ಈ ಎರಡನೆಯ ಬಗೆಯ ಕೆಲಸಗಳನ್ನು ನಡೆಸುವ ನರಗಳ ಸಮೂಹಕ್ಕೆ ಸ್ವಯಂಚಾಲಿತ ನರಮಂಡಲವೆಂದು ಹೆಸರು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಜಾನ್ ಲ್ಯಾಂಗ್ಲೆ ಎಂಬ ಶರೀರಶಾಸ್ತ್ರಜ್ಞನು ೧೮೯೮ರಲ್ಲಿ ಇದಕ್ಕೆ 'ಆಟೊನಾಮಿಕ್' ಎಂಬ ಹೆಸರನ್ನಿಟ್ಟನು. ತನ್ನನ್ನು ತಾನೇ ಆಳಿಕೊಳ್ಳುವುದು ಎಂದು ಆ ಮಾತಿನ ಅರ್ಥ. ಆದರೆ ಈ ಆಳ್ವಿಕೆಯು ಪೂರ್ಣ ಸ್ವತಂತ್ರವಾದುದೆಂದು ತಿಳಿಯಬಾರದು. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಚಿಕ್ಕ ಭಾಗವೂ ಅದರ ಕೆಳಗೆ ಬೆನ್ನುಹುರಿಯು ಆರಂಭವಾಗುವಲ್ಲಿರುವ ಮಣಿಶಿರವೂ ಇದರ ಮೇಲೆ ಸದಾ ಕಣ್ಣಿಟ್ಟಿರುತ್ತವೆ.

ಈ ನರಮಂಡಲದಲ್ಲಿ ಎರಡು ವಿಭಾಗಗಳಿವೆ. ಒಂದು, ಬೆನ್ನುಹುರಿಯ ಎದೆ ಮತ್ತು ಸೊಂಟದ ಭಾಗಗಳಿಂದ ಹೊರಟು, ಬೆನ್ನೆಲುಬಿನ ಎರಡೂ ಪಕ್ಕಗಳಲ್ಲಿ ಮಣಿಸರದಂತೆ ಇಳಿದಿರುವ ನರಗಂಟುಗಳ ಮೂಲಕ ದೇಹಕ್ಕೆಲ್ಲ ಹಬ್ಬುವ ಅನುವೇದನಾ ವಿಭಾಗ. ಇದನ್ನೇ ವೈದ್ಯರು ಸಿಂಪಥೆಟಿಕ್ ಎನ್ನುತ್ತಾರೆ. ಇನ್ನೊಂದು, ಮಿದುಳಿನ ಕಾಂಡದಿಂದಲೂ ಬೆನ್ನುಹುರಿಯ ತೀರ ಕೆಳಗಿನ ತುದಿಯಿಂದಲೂ ಹೊರಡುವ ಪರಾನುವೇದನಾ ವಿಭಾಗ, ಅರ್ಥಾತ್ ಪ್ಯಾರಾಸಿಂಪಥೆಟಿಕ್. ಈ ಎರಡನೆಯದರ ಮುಖ್ಯ ನರವೇ ವೇಗಸ್. ಲ್ಯಾಟಿನ್ ಭಾಷೆಯಲ್ಲಿ ವೇಗಸ್ ಎಂದರೆ ಅಲೆಮಾರಿ. ತಲೆಯಿಂದ ಹೊರಟು ಕುತ್ತಿಗೆಯಲ್ಲಿ ಇಳಿದು, ಹೃದಯ, ಶ್ವಾಸಕೋಶ, ಜಠರಗಳನ್ನು ಸಂದರ್ಶಿಸಿ ಕರುಳಿನವರೆಗೂ ಅಲೆಯುವ ನರಕ್ಕೆ ಇದು ತಕ್ಕ ಹೆಸರೇ ಸರಿ. ಸಂಸ್ಕೃತದ 'ವೇಗ'ಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ; ವಾಸ್ತವವಾಗಿ ಈ ನರದ ಕೆಲಸ ವೇಗಕ್ಕೆ ವಿರುದ್ಧವಾದುದು ಎಂಬುದನ್ನು ನೆನಪಿಟ್ಟರೆ ಪರೀಕ್ಷೆಯಲ್ಲಿ ತಪ್ಪಾಗದು.

ಅನುವೇದನಾ ನರಗಳು ದೇಹವನ್ನು ಶ್ರಮಕ್ಕೂ ಅಪಾಯಕ್ಕೂ ಸಿದ್ಧಗೊಳಿಸುತ್ತವೆ. ಅವು ಕೆರಳಿದಾಗ ಹೃದಯವು ಬೇಗ ಬೇಗ, ಬಲವಾಗಿ ಬಡಿಯುವುದು, ಶ್ವಾಸನಾಳಗಳು ಅಗಲವಾಗುವುವು, ಕಣ್ಣಿನ ಪಾಪೆ ಹಿಗ್ಗುವುದು, ಚರ್ಮದ ಮತ್ತು ಕರುಳಿನ ರಕ್ತನಾಳಗಳು ಬಿಗಿದು, ರಕ್ತವು ಸ್ನಾಯುಗಳ ಕಡೆಗೆ ತಿರುಗುವುದು, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುವುದು, ಬೆವರೂ ಇವುಗಳದೇ ಕೆಲಸ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ದ್ರವ್ಯವನ್ನು ಸುರಿಸುವುದರಿಂದ ಈ ಸಿದ್ಧತೆಯು ಇಡೀ ದೇಹದಲ್ಲಿ ಏಕಕಾಲಕ್ಕೆ ನಡೆಯುವುದು. ಪರಾನುವೇದನಾ ನರಗಳು ಬಹುತೇಕ ಇದಕ್ಕೆ ಪ್ರತಿಯಾಗಿ ಕೆಲಸ ಮಾಡುತ್ತವೆ. ಹೃದಯವನ್ನು ನಿಧಾನಗೊಳಿಸಿ, ಪಾಪೆಯನ್ನು ಕುಗ್ಗಿಸಿ, ಬಾಯಲ್ಲಿ ಜೊಲ್ಲನ್ನು ಒಸರಿಸಿ, ಜಠರ ಮತ್ತು ಕರುಳುಗಳಲ್ಲಿ ಅನ್ನವನ್ನು ಪಚನಕ್ಕೆ ಹಚ್ಚುವುದು ಅವುಗಳ ಕಾರ್ಯ.

ಹಿಂದೆ ಪುಣೆಯ ಬೀದಿಗಳಲ್ಲಿ ಓಡುತ್ತಿದ್ದ ಟಾಂಗಾಗಳನ್ನು ನಿಮ್ಮ ಅಜ್ಜಂದಿರು ಬಲ್ಲರು. ಟಾಂಗಾ ಹೊಡೆಯುವವನ ಒಂದು ಕೈಯಲ್ಲಿ ಚಾವಟಿ, ಇನ್ನೊಂದು ಕೈಯಲ್ಲಿ ಲಗಾಮು. ಅನುವೇದನಾ ವಿಭಾಗವನ್ನು ಚಾವಟಿಗೂ ಪರಾನುವೇದನಾ ವಿಭಾಗವನ್ನು ಲಗಾಮಿಗೂ ಹೋಲಿಸಬಹುದು. ಆದರೆ ಚಾವಟಿ ಬಿದ್ದಾಗ ಮಾತ್ರ ಕುದುರೆ ಓಡುವುದು ಎಂದು ಭಾವಿಸಿದರೆ ನಾವು ಮೋಸಹೋಗುತ್ತೇವೆ. ಹೃದಯವೆಂಬ ಕುದುರೆ ಸ್ವಭಾವತಃ ಓಡುವ ಕುದುರೆ. ಅದರ ಬಲ ಮೇಲ್ಕೋಣೆಯ ಗೋಡೆಯಲ್ಲಿ ಬಡಿತವನ್ನು ತಾನೇ ಹುಟ್ಟಿಸುವ ಒಂದು ಅಂಗಾಂಶವಿದೆ. ಎಲ್ಲ ನರಗಳ ಹಿಡಿತವನ್ನೂ ತಪ್ಪಿಸಿದರೆ ಅದು ನಿಮಿಷಕ್ಕೆ ಸುಮಾರು ೧೦೦ ಸಲ ಬಡಿಯುವುದು. ಒಬ್ಬರ ಹೃದಯವನ್ನು ಮತ್ತೊಬ್ಬರ ಎದೆಯಲ್ಲಿ ನೆಟ್ಟಾಗ ನರಗಳ ಸಂಬಂಧ ಕಡಿದುಹೋಗಿರುವುದರಿಂದ, ಅಂಥವರ ನಾಡಿಯು ವಿಶ್ರಾಂತಿಯಲ್ಲಿಯೂ ವೇಗವಾಗಿಯೇ ಇರುವುದನ್ನು ವೈದ್ಯರು ಕಂಡಿದ್ದಾರೆ. ಹಾಗಾದರೆ ನೀವು ಬೆಟ್ಟದ ಬುಡದಲ್ಲಿ ಕುಳಿತಾಗ ಎಣಿಸಿದ ೭೦ ಅಥವಾ ೮೦ ಎಂಬುದು ಏನು? ಅದು ವೇಗಸ್ ನರವು ಎಡೆಬಿಡದೆ ಲಗಾಮನ್ನು ಹಿಡಿದೆಳೆದಿರುವುದರ ಫಲ. ನೀವು ಮೆಟ್ಟಿಲು ಹತ್ತತೊಡಗಿದ ಮೊದಲ ಕೆಲವು ಕ್ಷಣಗಳಲ್ಲಿ ನಾಡಿಯು ಏರುವುದು ಚಾವಟಿಯಿಂದಲ್ಲ, ಲಗಾಮನ್ನು ಸಡಿಲಿಸಿದ್ದರಿಂದ. ಚಾವಟಿಯ ಸರದಿ ಅನಂತರದ್ದು. ಈ ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿಡಿರಿ. ಮುಂದೆ ಚೇಳಿನ ವಿಷಯ ಬಂದಾಗ ಇದರಿಂದ ಉಪಯೋಗವಿದೆ.

ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನಪತ್ರಿಕೆ ಕೈಗೆ ಬರುವ ಮುನ್ನ ಬಾಯಿ ಒಣಗಿ ಅಂಗೈ ಬೆವರುವುದನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಅಲ್ಲಿ ಹುಲಿಯೂ ಇಲ್ಲ, ಹಾವೂ ಇಲ್ಲ. ಆದರೆ ಅನುವೇದನಾ ನರಗಳಿಗೆ ಹುಲಿಗೂ ಗಣಿತಕ್ಕೂ ಭೇದ ತಿಳಿಯದು. ನಮ್ಮ ಧರ್ಮಶಾಸ್ತ್ರಗಳಲ್ಲಿ ತಂಡುಲ ದಿವ್ಯವೆಂಬ ಒಂದು ಪರೀಕ್ಷೆಯ ಪ್ರಸ್ತಾಪವಿದೆ. ಕಳವಿನ ಆರೋಪ ಬಂದವನಿಗೆ ಅಕ್ಕಿಯನ್ನು ಅಗಿದು ಉಗುಳಲು ಹೇಳುತ್ತಿದ್ದರು. ಉಗುಳಿದ್ದರಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ಅವನು ಅಪರಾಧಿ. ಅಂಜಿದವನ ಬಾಯಲ್ಲಿ ಜೊಲ್ಲಿಲ್ಲದೆ ಒಣ ಅಕ್ಕಿಯು ಒಸಡನ್ನು ಗೀರುವುದು ಸಹಜವೇ. ಆದರೆ ನಿರಪರಾಧಿಯೂ ಅಂಜಬಲ್ಲನು. ಆ ಪರೀಕ್ಷೆಯು ಭಯವನ್ನು ಅಳೆಯಿತೇ ಹೊರತು ಪಾಪವನ್ನಲ್ಲವೆಂದು ನಮಗೆ ತೋರುತ್ತದೆ.

ಇನ್ನೊಂದು ದೃಶ್ಯವೂ ಶಾಲೆಯ ಮಕ್ಕಳಿಗೆ ಪರಿಚಿತವಾದುದೇ. ಬಿಸಿಲಿನಲ್ಲಿ ಧ್ವಜವಂದನೆಗೆ ಬಹಳ ಹೊತ್ತು ಅಲುಗದೆ ನಿಂತ ಸಾಲಿನಲ್ಲಿ ಒಬ್ಬ ಹುಡುಗನು ಬಿಳಿಚಿಕೊಂಡು ಕುಸಿದು ಬೀಳುತ್ತಾನೆ. ನಾವು ಎದ್ದು ನಿಂತೊಡನೆ ಭೂಮಿಯ ಸೆಳೆತದಿಂದ ಸುಮಾರು ಅರ್ಧ ಲೀಟರಿಗೂ ಹೆಚ್ಚು ರಕ್ತವು ಕಾಲು ಹೊಟ್ಟೆಗಳ ಕಡೆಗೆ ಇಳಿಯುವುದು. ಕುತ್ತಿಗೆಯ ದೊಡ್ಡ ಧಮನಿಗಳ ಗೋಡೆಯಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನಲ್ಲಿಯೂ ರಕ್ತದೊತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಇಳಿಯಿತೆಂಬ ವರದಿ ಅಲ್ಲಿಂದ ಮಣಿಶಿರಕ್ಕೆ ಹೋಗುವುದು. ಮರುಕ್ಷಣವೇ ಲಗಾಮು ಸಡಿಲವಾಗಿ, ರಕ್ತನಾಳಗಳು ಬಿಗಿದು, ಮಿದುಳಿಗೆ ರಕ್ತ ಸಾಕಷ್ಟು ಮುಟ್ಟುವುದು. ದಿನಕ್ಕೆ ನೂರಾರು ಸಲ ನಡೆಯುವ ಈ ಏರ್ಪಾಡು ನಮ್ಮ ಗಮನಕ್ಕೇ ಬಾರದು. ಆದರೆ ಸೆಕೆ, ಹಸಿವು, ನಿಶ್ಚಲತೆ ಮೂರೂ ಕೂಡಿದಾಗ ಕೆಲವರಲ್ಲಿ ಇದು ಹಠಾತ್ತನೆ ತಲೆಕೆಳಗಾಗುವುದು. ವೇಗಸ್ ಹೃದಯವನ್ನು ಎಳೆದು ಹಿಡಿಯುವುದು, ರಕ್ತನಾಳಗಳು ಸಡಿಲಗೊಳ್ಳುವುವು, ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುವುದು. ಬಿದ್ದ ಹುಡುಗನನ್ನು ಎತ್ತಿ ಕುರ್ಚಿಯಲ್ಲಿ ಕೂಡಿಸುವ ಆತುರವನ್ನು ನಾವು ಅನೇಕ ಸಲ ನೋಡಿದ್ದೇವೆ. ಅದು ತಪ್ಪು. ಅವನನ್ನು ಹಾಗೆಯೇ ಮಲಗಿಸಿ ಕಾಲುಗಳನ್ನು ತುಸು ಮೇಲೆತ್ತಬೇಕು. ರಕ್ತವು ತಲೆಗೆ ಮರಳುವುದಕ್ಕೆ ಅದೇ ದಾರಿ.

ನರಗಳು ಈ ಅಪ್ಪಣೆಗಳನ್ನು ಅಂಗಗಳಿಗೆ ಮುಟ್ಟಿಸುವ ಬಗೆ ಯಾವುದು? ತಂತಿಯಲ್ಲಿ ವಿದ್ಯುತ್ತು ಹರಿದಂತೆ ನರದಿಂದ ನೇರವಾಗಿ ಸ್ನಾಯುವಿಗೆ ಹರಿಯುವುದೆಂದು ಅನೇಕರು ನಂಬಿದ್ದರು. ಆಸ್ಟ್ರಿಯಾದ ಗ್ರಾಟ್ಸ್ ನಗರದ ಆಟೊ ಲೋವಿ ಇದನ್ನು ಪರೀಕ್ಷಿಸಿದನು. ಇದರ ಉಪಾಯವು ಆತನಿಗೆ ನಿದ್ದೆಯಲ್ಲಿ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದನು. ಬೆಳಿಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲು ಬಾರದು! ಮರುರಾತ್ರಿ ಅದೇ ವಿಚಾರ ಮತ್ತೆ ಬಂದಾಗ ಈ ಸಲ ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ಹೋದನು. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟು, ಒಂದರ ವೇಗಸ್ ನರವನ್ನು ಕೆರಳಿಸಿದಾಗ ಅದು ನಿಧಾನವಾಯಿತು. ಅದರ ಸುತ್ತಲಿನ ನೀರನ್ನು ಎರಡನೆಯ ಹೃದಯಕ್ಕೆ ಉಣಿಸಿದನು. ಯಾವ ನರವನ್ನೂ ಮುಟ್ಟದೆಯೇ ಅದೂ ನಿಧಾನವಾಯಿತು! ನರದ ತುದಿಯಿಂದ ಒಂದು ರಾಸಾಯನಿಕ ದ್ರವ್ಯವು ಹೊರಬಿದ್ದು ನೀರಿನಲ್ಲಿ ಬೆರೆತಿತ್ತು. ಇದು ೧೯೨೧ರಲ್ಲಿ ಪ್ರಕಟವಾಯಿತು. ೧೯೩೬ರಲ್ಲಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ನೊಬೆಲ್ ಪಾರಿತೋಷಕವು ದೊರೆಯಿತು. ವೇಗಸ್ ಸುರಿಸುವ ದ್ರವ್ಯ ಅಸಿಟೈಲ್‌ಕೋಲೀನ್. ಅನುವೇದನಾ ನರಗಳ ತುದಿಯಿಂದ ಹೆಚ್ಚಾಗಿ ಬರುವುದು ನಾರಡ್ರಿನಲಿನ್. ಅಂಗಾಂಗಗಳ ಜೀವಕೋಶಗಳ ಮೇಲೆ ಈ ದ್ರವ್ಯಗಳನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆ. ಬೀಗಕ್ಕೆ ತಕ್ಕ ಕೀಲಿಯಂತೆ ಅವು ಹೊಂದಿಕೊಳ್ಳುತ್ತವೆ. ಕೀಲಿಯ ರಂಧ್ರವನ್ನು ಬೇರೊಂದು ವಸ್ತುವಿನಿಂದ ಮುಚ್ಚಿಬಿಟ್ಟರೆ ಅಪ್ಪಣೆಯು ಒಳಹೋಗಲಾರದು. ಔಷಧಶಾಸ್ತ್ರದ ಒಂದು ದೊಡ್ಡ ಭಾಗ ಈ ಒಂದು ಯುಕ್ತಿಯ ಮೇಲೆ ನಿಂತಿದೆ.

ಮನಸ್ಸು ಗಟ್ಟಿಮಾಡಿದರೆ ಹೃದಯವನ್ನು ನಿಲ್ಲಿಸಬಹುದೇ ಎಂದು ನಮ್ಮ ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಪುಣೆ ಜಿಲ್ಲೆಯ ಲೋಣಾವಳೆಯಲ್ಲಿ ಸ್ವಾಮಿ ಕುವಲಯಾನಂದರು ೧೯೨೪ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಯೋಗಕ್ರಿಯೆಗಳನ್ನು ಕ್ಷ-ಕಿರಣದಿಂದಲೂ ಒತ್ತಡಮಾಪಕಗಳಿಂದಲೂ ಪರೀಕ್ಷಿಸುವ ಪದ್ಧತಿಯನ್ನು ಆರಂಭಿಸಿದರು. ಹೃದಯವನ್ನು ಅಥವಾ ನಾಡಿಯನ್ನು ನಿಲ್ಲಿಸಬಲ್ಲೆವೆಂದ ಯೋಗಿಗಳನ್ನು ಅಮೆರಿಕದ ವೆಂಗರ್ ಮತ್ತು ಬಾಗ್ಚಿ ಎಂಬವರು ದಿಲ್ಲಿಯ ಡಾ. ಬಿ. ಕೆ. ಆನಂದರೊಡನೆ ಕೂಡಿ ಪರೀಕ್ಷಿಸಿ ೧೯೬೧ರಲ್ಲಿ ವರದಿ ಮಾಡಿದರು. ಉಸಿರು ಹಿಡಿದು ಎದೆಯ ಸ್ನಾಯುಗಳನ್ನು ಬಿಗಿದಾಗ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ, ಎದೆಯ ಬಡಿತ ಕೇಳಿಸುತ್ತಿರಲಿಲ್ಲ. ಆದರೆ ಹೃದಯದ ವಿದ್ಯುಲ್ಲೇಖನವು ಮಾತ್ರ ಅದು ಬಡಿಯುತ್ತಲೇ ಇದೆಯೆಂದು ಬರೆದು ತೋರಿಸಿತು. ಇಚ್ಛೆಗೆ ವಶವಾದ ಸ್ನಾಯುಗಳ ಮೂಲಕ ಹೃದಯವನ್ನು ಬಳಸಿನಿಂದ ಮುಟ್ಟಬಹುದು, ನೇರವಾಗಿ ಆಳಲು ಬಾರದು ಎಂಬುದೇ ಅವರಿಗೆ ಕಂಡ ಸಂಗತಿ. ಉಸಿರು ಅಂಥ ಒಂದು ಬಳಸುದಾರಿ. ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿರಿ: ಒಳಗೆಳೆಯುವಾಗ ಬಡಿತ ತುಸು ಚುರುಕಾಗುವುದು, ಹೊರಬಿಡುವಾಗ ನಿಧಾನವಾಗುವುದು. ನಿಮ್ಮ ವಯಸ್ಸಿನವರಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿಯೇ ಸಿಕ್ಕೀತು. ವೇಗಸ್ಸಿನ ಲಗಾಮು ಸಡಿಲಾಗಿ ಮತ್ತೆ ಬಿಗಿಯುವುದನ್ನು ಬೆರಳ ತುದಿಯಲ್ಲಿ ತಿಳಿಯುವುದೆಂದರೆ ಇದೇ.

ಇದೆಲ್ಲವೂ ಸರಿ, ಆದರೆ ಈ ಎರಡು ಕೈಗಳ ಹೆಸರುಗಳನ್ನು ಕಂಠಪಾಠ ಮಾಡುವುದರಿಂದ ಯಾರಿಗೆ ಏನು ಲಾಭ ಎಂದು ಕೇಳುವವರಿದ್ದಾರೆ. ಅವರಿಗಾಗಿ ನಾವು ಪುಣೆಯಿಂದ ಸಹ್ಯಾದ್ರಿಯ ಆಚೆಗೆ ಹೋಗಬೇಕಾಗಿದೆ. ಭೋರ್ ಮಾರ್ಗವಾಗಿ ವರಂಧಾ ಘಾಟವನ್ನು ಇಳಿದರೆ ಕೊಂಕಣದ ಮಹಾಡ ಸಿಗುವುದು. ೧೯೨೭ರಲ್ಲಿ ಡಾ. ಅಂಬೇಡ್ಕರರು ಚವದಾರ ಕೆರೆಯ ಸತ್ಯಾಗ್ರಹವನ್ನು ನಡೆಸಿದ ಊರೆಂದು ಇತಿಹಾಸದ ಪುಸ್ತಕದಲ್ಲಿ ನೀವು ಓದಿರುವ ಮಹಾಡವೇ ಇದು.

ಆ ಸೀಮೆಯಲ್ಲಿ ಕೆಂಪು ಚೇಳುಗಳು ಹೆಚ್ಚು. ಮರಾಠಿ ಗೆಳೆಯರು ವಿಂಚು ಎನ್ನುವ ಪ್ರಾಣಿ. ಕರ್ನಾಟಕದಲ್ಲಿಯೂ ಈ ಜಾತಿಯಿದೆ. ಕಪ್ಪಗೆ ದೊಡ್ಡದಾಗಿ, ದಪ್ಪ ಕೊಂಡಿಗಳನ್ನೆತ್ತಿ ಬರುವ ಚೇಳನ್ನು ಕಂಡು ಜನ ಹೆದರುತ್ತಾರೆ. ನಿಜವಾಗಿ ಹೆದರಬೇಕಾದುದು ಎರಡು ಮೂರು ಅಂಗುಲದ ಈ ಕೆಂಪು ಚೇಳಿಗೆ. ಕಲ್ಲಿನ ಸಂದು, ಸೌದೆಯ ರಾಶಿ, ಹುಲ್ಲಿನ ಬಣವೆ, ಮನೆಯ ಮಾಡು ಇದರ ಮನೆ. ರಾತ್ರಿ ಹೊರಬಂದು ಹಾಸಿಗೆಯಲ್ಲೋ ಪಾದರಕ್ಷೆಯಲ್ಲೋ ಅಡಗುವುದು. ಬರಿಗಾಲಿನಲ್ಲಿ ದುಡಿಯುವ ರೈತರೂ ಆಡುವ ಮಕ್ಕಳೂ ಇದಕ್ಕೆ ಸಿಕ್ಕಿಬೀಳುವರು.

ಇದರ ವಿಷವು ಮಾಡುವ ಕೆಲಸವನ್ನು ನೋಡಿರಿ. ನರತಂತುಗಳಲ್ಲಿ ಸೋಡಿಯಂ ಕಣಗಳು ಒಳಹೋಗುವ ಸೂಕ್ಷ್ಮ ಬಾಗಿಲುಗಳಿವೆ. ಸಂದೇಶವೊಂದು ಹೋಗುವಾಗ ಅವು ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳಬೇಕು. ಚೇಳಿನ ವಿಷವು ಅವು ಮುಚ್ಚದಂತೆ ತಡೆಯುತ್ತದೆ. ಆಗ ನರಗಳು ಒಂದೇ ಸಮನೆ ಸಂದೇಶಗಳನ್ನು ಕಳುಹಿಸುತ್ತ ಹೋಗುವುವು. ಇದನ್ನು ವೈದ್ಯರು ಸ್ವಯಂಚಾಲಿತ ನರಮಂಡಲದ ಬಿರುಗಾಳಿ ಎಂದು ಕರೆಯುತ್ತಾರೆ. ಮೊದಲು ಎರಡೂ ಕೈಗಳೂ ಕೆರಳಿದ ಗುರುತು ಕಾಣುವುದು: ವಾಂತಿ, ಬಾಯಲ್ಲಿ ಜೊಲ್ಲು, ಮೈ ತೊಯ್ಯುವಂತೆ ಬೆವರು. ಲಗಾಮಿನ ಕೈ ಬೇಗನೆ ಸೋಲುವುದು. ಅನಂತರ ಚಾವಟಿಯೊಂದೇ ಉಳಿಯುವುದು. ನಾರಡ್ರಿನಲಿನ್, ಅಡ್ರಿನಲಿನ್‌ಗಳ ಪ್ರವಾಹದಲ್ಲಿ ರಕ್ತನಾಳಗಳು ಬಿಗಿಯಾಗಿ ಮುಚ್ಚಿಕೊಂಡು ಕೈಕಾಲುಗಳು ಮಂಜಿನಂತೆ ತಣ್ಣಗಾಗುವುವು, ರಕ್ತದೊತ್ತಡ ಏರುವುದು, ಮುಚ್ಚಿದ ಬಾಗಿಲುಗಳ ಎದುರಿಗೆ ರಕ್ತವನ್ನು ತಳ್ಳಿ ತಳ್ಳಿ ಹೃದಯವು ದಣಿಯುವುದು, ರಕ್ತವು ಹಿಂದಕ್ಕೆ ಒತ್ತಿ ಶ್ವಾಸಕೋಶಗಳಲ್ಲಿ ನೀರು ತುಂಬುವುದು. ಇದೆಲ್ಲವೂ ಕೆಲವೇ ಗಂಟೆಗಳಲ್ಲಿ. ಇಲ್ಲಿ ಒಂದು ವಿಚಿತ್ರವಿದೆ. ಕುಟುಕಿದ ಸ್ಥಳದಲ್ಲಿ ಪ್ರಾಣ ಹೋಗುವಂಥ ನೋವು ಇರುವವನು ಹಲವು ವೇಳೆ ಬದುಕುತ್ತಾನೆ. ನೋವು ಕಡಿಮೆಯೆಂದು ನೆಮ್ಮದಿಯಿಂದಿದ್ದು, ಬೆವರಿ, ವಾಂತಿಮಾಡಿ, ಕೈಕಾಲು ತಣ್ಣಗಾದ ಮಗುವೇ ಹೆಚ್ಚು ಅಪಾಯದಲ್ಲಿರುವುದು.

೧೯೭೬ರಲ್ಲಿ ಮಹಾಡದ ಹತ್ತಿರದ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾ. ಹಿಮ್ಮತರಾವ್ ಬಾವಸ್ಕರ ಎಂಬ ತರುಣ ವೈದ್ಯರು ಬಂದರು. ಜಾಲನಾ ಜಿಲ್ಲೆಯ ದೇಹೆಡ ಎಂಬ ಹಳ್ಳಿಯ ಬಡ ಮನೆತನದಲ್ಲಿ ೧೯೫೧ರಲ್ಲಿ ಹುಟ್ಟಿದವರು. ಚೇಳು ಕುಟುಕಿದ ಮಕ್ಕಳು ತಮ್ಮ ಕಣ್ಣೆದುರಿಗೆ ಸಾಯುವುದನ್ನು ಅವರು ನೋಡಬೇಕಾಯಿತು. ಪಠ್ಯಪುಸ್ತಕಗಳಲ್ಲಿ ಈ ವಿಷಯಕ್ಕೆ ಹೆಚ್ಚು ಸ್ಥಳವಿರಲಿಲ್ಲ. ರೋಗಿಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು, ಯಾವ ಲಕ್ಷಣ ಮೊದಲು, ಯಾವುದು ಆಮೇಲೆ ಎಂದು ಅವರು ಬರೆದಿಡತೊಡಗಿದರು. ಮುಂದೆ ನಮ್ಮ ಪುಣೆಯ ಬಿ. ಜೆ. ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಅಷ್ಟು ಓದಿದವರು ನಗರದಲ್ಲಿಯೇ ನೆಲೆಸುವುದು ವಾಡಿಕೆ. ಇವರು ಮಹಾಡಕ್ಕೆ ಮರಳಿದರು. ಅವರ ಪತ್ನಿ ಡಾ. ಪ್ರಮೋದಿನಿಯವರೂ ಈ ಕೆಲಸದಲ್ಲಿ ಜೊತೆಯಾದರು. ಕೆಂಪು ಚೇಳಿನ ಕುಟುಕಿನಿಂದ ಹೃದಯಕ್ಕೆ ಬರುವ ಅಪಾಯದ ಮುನ್ಸೂಚನೆಗಳನ್ನು ಕುರಿತು ಅವರು ಬರೆದುದು ೧೯೮೨ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು.

ರೋಗವೇನೋ ಗುರುತಿಗೆ ಬಂದಿತು, ಮದ್ದು ಯಾವುದು? ಆ ಕಾಲದಲ್ಲಿ ಹಲವು ಔಷಧಗಳನ್ನು ಪ್ರಯೋಗಿಸುತ್ತಿದ್ದರು. ಅವುಗಳಲ್ಲಿ ಅಟ್ರೊಪಿನ್ ಒಂದು. ಬೆವರು, ಜೊಲ್ಲು ಸುರಿಯುತ್ತಿದೆಯಲ್ಲವೇ, ಅದನ್ನು ಒಣಗಿಸುವ ಮದ್ದನ್ನು ಕೊಡೋಣ ಎಂಬ ತರ್ಕ ಮೇಲುನೋಟಕ್ಕೆ ಸಮಂಜಸವೇ. ಆದರೆ ಅಟ್ರೊಪಿನ್ನು ಅಸಿಟೈಲ್‌ಕೋಲೀನಿನ ಕೀಲಿರಂಧ್ರವನ್ನು ಮುಚ್ಚುವ ದ್ರವ್ಯ. ಅಂದರೆ ವೇಗಸ್ಸಿನ ಅಪ್ಪಣೆಯನ್ನು ತಡೆಯುವಂಥದು. ನಾವು ಮೇಲೆ ನೆನಪಿಡಲು ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚಾವಟಿಯ ಏಟು ಎಡೆಬಿಡದೆ ಬೀಳುತ್ತಿರುವ ಕುದುರೆಯ ಲಗಾಮನ್ನೂ ಕತ್ತರಿಸಿದರೆ ಏನಾದೀತು! ಬೆವರು ಜೊಲ್ಲುಗಳು ಒಣಗಿದವು, ಹೃದಯದ ಓಟ ಮತ್ತಷ್ಟು ಹೆಚ್ಚಿತು. ಕಣ್ಣಿಗೆ ಕಾಣುವ ಲಕ್ಷಣಕ್ಕೆ ಮದ್ದು ಮಾಡಿ ಒಳಗಿನ ಕಾರಣವನ್ನು ಬಿಟ್ಟದ್ದರ ಫಲವಿದು.

ಡಾ. ಬಾವಸ್ಕರರು ತಡೆಯಬೇಕಾದ ಕೈ ಯಾವುದೆಂದು ವಿಚಾರಮಾಡಿದರು. ಪ್ರಾಣಕ್ಕೆ ಎರವಾಗುತ್ತಿರುವುದು ರಕ್ತನಾಳಗಳ ಬಿಗಿತ. ಅದನ್ನು ಸಡಿಲಿಸಲು ನೈಟ್ರೊಪ್ರಸೈಡ್ ಎಂಬ ಔಷಧವಿತ್ತು. ಅದನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಡುತ್ತ, ರಕ್ತದೊತ್ತಡದ ಮೇಲೆ ಕ್ಷಣಕ್ಷಣಕ್ಕೂ ಕಣ್ಣಿಟ್ಟಿರಬೇಕು. ಹಳ್ಳಿಯ ದವಾಖಾನೆಯಲ್ಲಿ ಇದು ಸುಲಭವಲ್ಲ. ಪ್ರಾಜೊಸಿನ್ ಎಂಬ ಗುಳಿಗೆಯು ರಕ್ತದೊತ್ತಡದ ರೋಗಿಗಳಿಗಾಗಿ ಆಗಲೇ ಬಳಕೆಯಲ್ಲಿತ್ತು. ರಕ್ತನಾಳದ ಗೋಡೆಯ ಮೇಲೆ ನಾರಡ್ರಿನಲಿನ್ನನ್ನು ಬರಮಾಡಿಕೊಳ್ಳುವ ಕೀಲಿರಂಧ್ರವನ್ನು ಅದು ಮುಚ್ಚುತ್ತದೆ. ಚಾವಟಿಯು ಬೀಸುತ್ತಲೇ ಇದ್ದರೂ ಏಟು ತಾಗದು. ಬಾಯಿಂದ ನುಂಗುವ ಅಗ್ಗದ ಗುಳಿಗೆ. ವಿದ್ಯುದ್ದೀಪವಿಲ್ಲದ ಊರಿನಲ್ಲಿಯೂ ಕೊಡಬಹುದು. ಇದರ ಫಲವನ್ನು ಅವರು ೧೯೮೬ರಲ್ಲಿ ಅದೇ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ಅವರು ಬರೆದಿಟ್ಟ ಲೆಕ್ಕದ ಪ್ರಕಾರ, ಅದಕ್ಕೆ ಮುಂಚಿನ ವರ್ಷಗಳಲ್ಲಿ ವಿಷವೇರಿದ ರೋಗಿಗಳಲ್ಲಿ ನೂರಕ್ಕೆ ೨೫ರಿಂದ ೩೦ ಜನ ಸಾಯುತ್ತಿದ್ದರು. ಈ ಚಿಕಿತ್ಸೆ ಬಂದ ಬಳಿಕ ಅದು ನೂರಕ್ಕೆ ಒಂದರ ಸುಮಾರಿಗೆ ಇಳಿಯಿತು. ಭಾರತ ಸರಕಾರವು ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು.

ಪ್ರಾಜೊಸಿನ್ನು ವಿಷವನ್ನು ಕೊಲ್ಲುವುದಿಲ್ಲ; ವಿಷದ ಕೈಯನ್ನು ಹಿಡಿಯುವುದಷ್ಟೆ. ವಿಷವನ್ನೇ ಕಟ್ಟಿಹಾಕುವ ಪ್ರತಿವಿಷವನ್ನು ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ತಯಾರಿಸಿದರು. ಎರಡನ್ನೂ ಕೂಡಿಸಿ ಕೊಟ್ಟರೆ ಹೆಚ್ಚು ಲಾಭವಿದೆಯೇ ಎಂಬುದನ್ನು ಬಾವಸ್ಕರ ದಂಪತಿಗಳು ಮಹಾಡದಲ್ಲಿಯೇ ೭೦ ರೋಗಿಗಳಲ್ಲಿ ಪರೀಕ್ಷಿಸಿದರು. ೩೫ ಜನರಿಗೆ ಪ್ರಾಜೊಸಿನ್ ಮಾತ್ರ, ಉಳಿದ ೩೫ ಜನರಿಗೆ ಅದರೊಡನೆ ಪ್ರತಿವಿಷವನ್ನೂ ಕೊಟ್ಟರು. ಹತ್ತು ಗಂಟೆಗಳ ಬಳಿಕ ಮೊದಲ ಗುಂಪಿನಲ್ಲಿ ಪೂರ್ಣ ಗುಣವಾಗಿದ್ದವರು ೮ ಜನ, ಎರಡನೆಯ ಗುಂಪಿನಲ್ಲಿ ೩೨ ಜನ. ಈ ವರದಿಯು ೨೦೧೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಹೊರಬಂದಿತು. ಜಗತ್ತಿನ ದೊಡ್ಡ ಆಸ್ಪತ್ರೆಗಳ ವರದಿಗಳ ನಡುವೆ ಒಂದು ತಾಲೂಕಿನ ಊರಿನ ಹೆಸರನ್ನು ಓದುವಾಗ, ವರಂಧಾ ಘಾಟದ ಈಚೆಗಿರುವ ನಮಗೂ ತುಸು ಹೆಮ್ಮೆಯೆನಿಸಿತು.

ಬೇಸಗೆಯ ರಜೆಯಲ್ಲಿ ನಿಮ್ಮಲ್ಲಿ ಅನೇಕರು ವಿಜಾಪುರ, ಬೆಳಗಾವಿ, ಸೊಲ್ಲಾಪುರಗಳ ಕಡೆಯ ಹಳ್ಳಿಗಳಿಗೆ ಹೋಗುವಿರಿ. ಅಲ್ಲಿ ಪಾದರಕ್ಷೆಯನ್ನು ಝಾಡಿಸಿ ಮೆಟ್ಟಿಕೊಳ್ಳಿರಿ; ಹಾಸಿಗೆಯನ್ನು ಕೊಡವಿ ಮಲಗಿರಿ; ಸೌದೆಯ ರಾಶಿಗೆ ಬರಿಗೈ ಹಾಕದಿರಿ. ಯಾರಿಗಾದರೂ ಕೆಂಪು ಚೇಳು ಕುಟುಕಿದರೆ ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸಲು ಓಡುವುದು ಬೇಡ. ಇವುಗಳಲ್ಲಿ ಹೋಗುವ ಸಮಯವೇ ಅಮೂಲ್ಯವಾದುದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿ ಅವನ ಕೈಕಾಲುಗಳನ್ನು ಮುಟ್ಟಿ ನೋಡುತ್ತಿರಿ. ಬೆವರು, ವಾಂತಿ, ತಣ್ಣಗಾದ ಪಾದ, ಇವು ಎಷ್ಟು ಗಂಟೆಗೆ ಆರಂಭವಾದುವೆಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಿರಿ. ಮಹಾಡದಲ್ಲಿ ವೈದ್ಯರು ಮೂರು ಮೂರು ಗಂಟೆಗೊಮ್ಮೆ ಗುಳಿಗೆ ಕೊಡುತ್ತ ಕಾಯುತ್ತಿದ್ದುದೂ ಇದೇ ಗುರುತಿಗಾಗಿ. ರೋಗಿಯ ಅಂಗಾಲು ಬೆಚ್ಚಗಾಯಿತೆಂದರೆ ರಕ್ತನಾಳಗಳು ತೆರೆದುವು, ಮುಂದಿನ ಗುಳಿಗೆ ಬೇಕಾಗಿಲ್ಲ.